ಈಳಿಗೆ

ಪುರಸು ಆಚಾರಿ ಅದನ್ನು ಬೆರಳ ಮೇಲೆ ತೂಗಿ ನೋಡಿ
ನಕ್ಕುಬಿಟ್ಟ. "ಇದರಲ್ಲಿ ಕಬ್ಬಿಣ ಎಲ್ಲಿದೆ ಮಾರಾಯ್ತಿ?
ತಾರ್ಲೆ ಮೀನಿನ ಮುಳ್ಳು ಇದು.
ಬಿಟ್ಟು ಹೋಗು, ಹೊಸದು ಬಡಿದು ಕೊಡ್ತೆ."

ನಾನು ಬಿಟ್ಟು ಬರಲಿಲ್ಲ.

ಅಬ್ಬೆ ತಂದಾಗ ಇದು ಅಂಗೈಯಗಲ ಇತ್ತಂತೆ.
ಅಂಕೋಲೆಯ ಮೀನುಪೇಟೆಯಲ್ಲಿ, ನಲ್ಲಿ ಪಕ್ಕದ ಮೂರನೇ ಕಟ್ಟೆ,
ಇಸೋಣದ ನಡುಮುಳ್ಳು ಒಂದೇ ಒತ್ತಿಗೆ.
ಈಗ ಬಿದಿಗೆಯ ಚಂದ್ರ.
ಬಂಗಡೆಗೆ ಸಾಕು, ಇಸೋಣಕ್ಕೆ ಬಾಗುತ್ತದೆ.

ಮಣೆಯಂತೂ ಇದು ಮೂರನೆಯದು.
ಮೊದಲಿನದು ಹಲಸು; ಉಪ್ಪುನೀರು ಕುಡಿದು ಕುಡಿದು ಸೀಳಿತು.
ಎರಡನೆಯದು ಬೇಲೆಕೇರಿಯಲ್ಲಿ ಒಡೆದ ದೋಣಿಯ ಹಲಗೆ,
ಅದೀಗ ಕೋಳಿಗೂಡಿನ ಬಾಗಿಲು.
ಅಲಗು ಕೂತಿದ್ದ ತೂತಿನಿಂದ
ಸಂಜೆ ಒಂದು ಹೇಂಟೆಯ ಕಣ್ಣು ನನ್ನನ್ನು ನೋಡುತ್ತದೆ.
ಹಾಗಾದರೆ ಈಳಿಗೆ ಎಲ್ಲಿದೆ, ಕೈಲೋ ಗೂಡಲ್ಲೋ
ಎಂದು ಕೇಳಿದರೆ ನನ್ನ ಗಂಡ
"ಮೊದಲು ಸಾರಿಗೆ ಉಪ್ಪು ಹಾಕು" ಅನ್ನುತ್ತಾನೆ.

ಆದರೆ ಲೆಕ್ಕ ನನ್ನನ್ನು ಬಿಡುವುದಿಲ್ಲ.
ಹಲಗೆ ಹೋದದ್ದು ಗೊತ್ತು. ಅಲಗು?
ಅಂಗೈಯಗಲದಿಂದ ಕಿರುಬೆರಳಗಲಕ್ಕೆ ಬರುವಾಗ
ಉಳಿದ ಮೂರು ಬೆರಳು ಕಬ್ಬಿಣ ಎಲ್ಲಿ ಹೋಯಿತು?
ಯಾರೂ ಕದಿಯಲಿಲ್ಲ. ಚೂರಾಗಿ ಬಿದ್ದದ್ದು ಯಾರೂ ಕಂಡಿಲ್ಲ.
ದಿನಾ ಬೆಳಿಗ್ಗೆ ಸಾಣೆಕಲ್ಲಿಗೆ ಸ್ವಲ್ಪ,
ಮೀನಿಗೆ ಸ್ವಲ್ಪ.
ಆ ಮೀನು ಜುಮ್ಮನಕಾಯಿಯ ಸಾರಿನೊಳಗೆ ಮುಳುಗಿ
ಶಾನಭಾಗರ ಮನೆಗೆ, ಪೊಲೀಸ್ ಕ್ವಾರ್ಟರ್ಸಿಗೆ,
ಬಸ್ ಸ್ಟ್ಯಾಂಡಿನ ಖಾನಾವಳಿಗೆ,
ಉಳಿದ ತಲೆ ಬಾಲ ನಮ್ಮ ಗಂಗಾಳಕ್ಕೆ.
ಊರೆಲ್ಲ ಒಂದು ಕತ್ತಿಯನ್ನು
ಮೂವತ್ತೆಂಟು ವರ್ಷ ಕೂತು ತಿಂದಿದೆ.
ಒಬ್ಬರಿಗೂ ಗಂಟಲಲ್ಲಿ ಸಿಕ್ಕಿಲ್ಲ.

ಮಗಳು ಹೊಟ್ಟೆಯಲ್ಲಿದ್ದಾಗ ಸರ್ಕಾರಿ ಆಸ್ಪತ್ರೆಯ ನರ್ಸಮ್ಮ
ಬೆರಳು ಚುಚ್ಚಿ, ಕಾಗದ ನೋಡಿ,
"ಮೈಯಲ್ಲಿ ಕಬ್ಬಿಣ ಕಮ್ಮಿ" ಅಂದಳು.
ಅಬ್ಬೆ ಯಾರ ಮೇಲಾದರೂ ರೇಗಿದ್ದು ನಾನು ಕಂಡದ್ದು ಅವತ್ತೇ:
"ಎರಡು ಬೆರಳಗಲ ಇವಳಿಗೇ ಹಾಕಿದ್ದೆ! ಸರಿಯಾಗಿ ನೋಡು."
ಕೆಂಪು ಮಾತ್ರೆಯ ಚೀಟಿ ಹಿಡಿದು
ನಾವಿಬ್ಬರೂ ಗೇಟಿನ ತನಕ ನಕ್ಕೆವು.

ಈಗ ಆ ಕಟ್ಟೆಯಲ್ಲಿ ನಾನು.
ಕಣ್ಣು ಮಂಜಾದ ಶಾನಭಾಗರು ಇನ್ನೂ
"ಹೊನ್ನಮ್ಮ, ತುಂಡು ಸಣ್ಣ ಮಾಡು" ಅನ್ನುತ್ತಾರೆ.
ಹೊನ್ನಮ್ಮ ಹೋಗಿ ಆರು ವರ್ಷ.
ಮೊದಮೊದಲು ತಿದ್ದುತ್ತಿದ್ದೆ. ಈಗ ಸಣ್ಣ ಮಾಡಿ ಕೊಡುತ್ತೇನೆ.
ಈ ಮಣೆಗೆ ಅಬ್ಬೆಯ ಹಿಮ್ಮಡಿಯ ತಗ್ಗು ಇಲ್ಲ,
ಆದರೂ ನನ್ನ ಕಾಲು ಅದನ್ನು ಹುಡುಕಿಕೊಂಡು
ಇಲ್ಲದ ಕಡೆಯೇ ಹೋಗಿ ಕೂರುತ್ತದೆ.

ಒಂದು ದಿನ ಇದೂ ಮುಗಿಯುತ್ತದೆ.
ಆಚಾರಿ ಹೇಳಿದ್ದು ಸುಳ್ಳಲ್ಲ.
ಯಾವ ಬೆಳಿಗ್ಗೆ ಅಂತ ಗೊತ್ತಾಗುವುದೂ ಇಲ್ಲ:
ಮಸೆಯಲು ಇಟ್ಟದ್ದು ಕತ್ತಿ, ಎತ್ತಿದ್ದು ಬರೀ ತಂತಿ.
ನಿನ್ನೆಯವರೆಗೆ ಈಳಿಗೆ, ಇವತ್ತಿನಿಂದ ಅಲ್ಲ
ಅನ್ನುವ ಗೆರೆಯನ್ನು ಯಾರು ಎಳೆಯುತ್ತಾರೆ?
ಬೆಕ್ಕಿಗೆ ಕೇಳಬೇಕು; ಅದು ಮಸೆಯುವ ಸದ್ದಿಗೇ ಬರುತ್ತದೆ,
ಕತ್ತಿ ನೋಡಿ ಅಲ್ಲ.

ಇವತ್ತೂ ಮಸೆದೆ.
ಕಲ್ಲಿನ ಮೇಲೆ ಕಪ್ಪು ನೀರು, ಬೆರಳಿಗೆ ಮೆತ್ತಿತು.
ಕೈ ತೊಳೆಯಲು ಎದ್ದವಳು
ಹಾಗೇ ಕೂತು
ಮೊದಲ ಬಂಗಡೆ ಎತ್ತಿಕೊಂಡೆ.