ಹಿಂಬದಿಯ ಎರಡು ಮುಳ್ಳು

ಕಂಪ್ಯೂಟರಿನ ಮುಚ್ಚಳ ಬಿಚ್ಚಿ
ಅಡಿಗೆಮನೆ ಮೇಜಿನ ಮೇಲೆ ಮಲಗಿಸಿದ್ದಾನೆ ಜೆನೋನ್,
ಕ್ರಿಸ್‌ಮಸ್ ಮುನ್ನಾದಿನದ ಕಾರ್ಪ್ ಮೀನಿನ ಹಾಗೆ.
ಬಾಯಲ್ಲಿ ಟಾರ್ಚು. ಮಾತು ಆಮೇಲೆ.

"ನೋಡು" ಅಂದ. ನೋಡಿದೆ.
ಡ್ರೈವಿನ ಹಿಂಬದಿ, ದಪ್ಪ ತಂತಿಗಳ ಸಂತೆಯಾಚೆ
ಎರಡೇ ಎರಡು ಮುಳ್ಳು.
ಯಾರೂ ಏನೂ ಸಿಕ್ಕಿಸದೆ ಬಿಟ್ಟದ್ದು.
ಕೊಂಡು ನಾಲ್ಕು ವರ್ಷ; ಹೀಗೊಂದು ಬಾಗಿಲಿದೆ ಅಂತ
ಮನೆಯವರಿಗೇ ಗೊತ್ತಿಲ್ಲ.

ಮೂವತ್ತೊಂದು ವರ್ಷ ಹಡಗುಗಳಲ್ಲಿ ರೇಡಿಯೋ ಕುಟ್ಟಿದವನು.
ಚುಕ್ಕಿ, ಗೆರೆ, ಚುಕ್ಕಿ, ಗೆರೆ.
ನನಗೆ ಹೇಳಬೇಕಾದದ್ದನ್ನೂ ಅಷ್ಟರಲ್ಲೇ ಹೇಳಿ ಮುಗಿಸಿದವನು.
ಈಗ ಒಂದು-ಸೊನ್ನೆಯ ಮುಂದೆ ಕೂತು
ಬೀಗರ ಊರಲ್ಲಿ ಹಳೇ ನೆಂಟ ಸಿಕ್ಕ ಮುಖ ಮಾಡಿದ್ದಾನೆ.

ಕಾರಣ ನಾನೇ.
ನಮ್ಮ ಚರ್ಚಿನ ವೃಂದ ಹಾಡಿದ್ದನ್ನು ಪಾನ್ ಎಲಿಗಿಯುಷ್
ಡಿಸ್ಕಿಗೆ ಹಾಕಿ ಇಪ್ಪತ್ತಾರು ಮಂದಿಗೂ ಹಂಚಿದ್ದರು.
ನಮ್ಮ ಸಿಡಿ ಪ್ಲೇಯರು ಮನೆಯಲ್ಲಿ ಸುಟ್ಟ ಡಿಸ್ಕನ್ನು
ಮೂಸಿ ನೋಡಿ ಉಗುಳುತ್ತದೆ.
ಕಂಪ್ಯೂಟರಿನಿಂದ ರಿಸೀವರಿಗೆ ಸಾದಾ ತಂತಿ ಎಳೆದರೆ
ಹಾಡಿನ ಕೆಳಗೆ ಗುಂಯ್ ಅಂತ ಒಂದು ನೊಣ;
ಬೀದಿ ಮೂಲೆಯಲ್ಲಿ ಟ್ರಾಲಿಬಸ್ ತಿರುಗಿದರೆ ಪಟಪಟ.
"ನಮ್ಮ ಜೊತೆ ನಿನ್ನ ಡಬ್ಬವೂ ಹಾಡುತ್ತಿದೆ" ಅಂದೆ.
ಅಷ್ಟೇ ಅಂದದ್ದು.
ಮೂರು ದಿನ ಬೀಟ್‌ರೂಟ್ ಸೂಪು ತಟ್ಟೆಯಲ್ಲೇ ಆರಿತು.

ಮೊದಲು ನೇರ ಜೋಡಿಸಿದ. ಏನಿಲ್ಲ.
ರಿಸೀವರು ಮುಖ ತಿರುಗಿಸಿ ಕೂತಿತು.
"ಇದು ಐದು ವೋಲ್ಟಿನಲ್ಲಿ ಕಿರುಚುತ್ತೆ.
ಅದಕ್ಕೆ ಬೇಕಾದದ್ದು ಅರ್ಧ ವೋಲ್ಟಿನ ಪಿಸುಮಾತು.
ಹತ್ತರಲ್ಲೊಂದು ಪಾಲು ಆಡಿದರೆ ಸಾಕು" ಅಂದ.
ಸಂಸಾರದ ಬಗ್ಗೆ ಇಷ್ಟು ಸರಿಯಾದ ಮಾತು
ನಮ್ಮ ಮದುವೆ ಮಾಡಿಸಿದ ಪಾದ್ರಿಯೂ ಆಡಿರಲಿಲ್ಲ.

ಬಾರ್ಲಿ ಕಾಳಿನಷ್ಟು ಎರಡು ರೆಸಿಸ್ಟರು,
ಮೈಮೇಲೆ ಬಣ್ಣದ ಬಳೆ.
ಬೆಸುಗೆಯ ಹೊಗೆಗೆ ಕಿಟಕಿ ತೆರೆದರೆ
ಬಾಲ್ಟಿಕ್ ಇಡಿಯಾಗಿ ಒಳಗೆ ಬಂದು
ಉಪ್ಪಿನ ಡಬ್ಬಿಯ ಪಕ್ಕ ನಿಂತಿತು.
ಟಿವಿಯ ಕೇಬಲ್ಲಿನಿಂದಲೇ ಎರಡು ಮೀಟರು ಕತ್ತರಿಸಿದ:
"ಎಪ್ಪತ್ತೈದು ಓಮ್. ಒಂದೇ ಜಾತಿ."
ನನ್ನ ಧಾರಾವಾಹಿಯ ನಾಯಕಿ
ಆ ರಾತ್ರಿ ಬಿಳೀ ಹಿಮದ ಕಾಳುಗಳ ನಡುವೆ ಮದುವೆಯಾದಳು.
ವರ ಯಾರೋ ಕಾಣಲೇ ಇಲ್ಲ.

ಭಾನುವಾರ ರಿಸೀವರಿನ ಹೊಟ್ಟೆಯಲ್ಲಿ ಟಕ್.
ಒಂದು ನೀಲಿ ದೀಪ. ಸದ್ದಿಲ್ಲ.
"ಮತ್ತೆ ಕೆಟ್ಟಿತಾ?"
"ಇಲ್ಲ, ತಡಿ. ಡಿಸ್ಕಿನಲ್ಲಿ ಇನ್ನೂ ಯಾರೂ ಬಾಯಿ ತೆರೆದಿಲ್ಲ.
ಸೊನ್ನೆ ಬರ್ತಿದೆ. ಸೊನ್ನೆ, ಸೊನ್ನೆ, ಸೊನ್ನೆ.
ತಂತಿ ಹರಿದು ಸುಮ್ಮನಾಗೋದು ಬೇರೆ,
ಸುಮ್ಮನಿದ್ದೇನೆ ಅಂತ ಹೇಳಿ ಕಳಿಸೋದು ಬೇರೆ."
ಹಡಗಿನಿಂದ ಏನೂ ಬಾರದ ವಾರಗಳು ನೆನಪಾದವು.
ಅವು ಇದರಲ್ಲಿ ಯಾವ ಬಗೆ ಎಂದು
ಕೇಳಬಹುದಿತ್ತು. ಚಹಾ ಬಗ್ಗಿಸಿದೆ.

ಆಮೇಲೆ ಚರ್ಚೇ ಬಂತು ಮನೆಗೆ.
ಬೆಂಚು ಕಿರ್ರೆಂದದ್ದು, ಹಾಳೆ ಮಗುಚಿದ್ದು,
ಪಾನಿ ಇರೇನಾ ಗಂಟಲು ಸರಿಮಾಡಿಕೊಂಡದ್ದು.
ನೊಣವಿಲ್ಲ. ಟ್ರಾಲಿಬಸ್ಸು ಗಾಜಿನಾಚೆಗೇ ಉಳಿಯಿತು.
ಎರಡನೇ ಹಾಡಿನ ನಡುವೆ, ಆಲ್ಟೋ ಸಾಲಿನಲ್ಲಿ,
ಒಬ್ಬಳು ಕೂದಲೆಳೆಯಷ್ಟು ಕೆಳಗೆ.
ಎಲ್ಲರೂ ಮೆಟ್ಟಿಲು ಹತ್ತಿಯಾಯಿತು,
ಇವಳಿನ್ನೂ ಕತ್ತಲಲ್ಲಿ ಕಾಲು ಚಾಚಿ ತಡಕುತ್ತಿದ್ದಾಳೆ.
ಎಡದಿಂದ ಮೂರನೆಯವಳು.
ನನಗೆ ಗೊತ್ತು. ಆ ದಿನ ಹೊಸ ಬೂಟು ಕಚ್ಚುತ್ತಿತ್ತು.

ಜೆನೋನ್ ತಲೆಯೆತ್ತಲಿಲ್ಲ.
ಮೇಜಿನಡಿ ಬಗ್ಗಿ ಮುಚ್ಚಳದ ತಿರುಪು ಹುಡುಕುತ್ತಿದ್ದ.
ಇದ್ದದ್ದು ನಾಲ್ಕು; ನಾಲ್ಕೂ ಅವನ ಅಂಗೈಯಲ್ಲೇ ಇದ್ದವು.
"ಡ್ರೈವಿನ ಮುಂದೆ ಸದ್ದು ತಗ್ಗಿಸೋ ಚಕ್ರ ಇದೆಯಲ್ಲ?"
"ಅದು ಇದಕ್ಕೆ ನಾಟೋದಿಲ್ಲ.
ಇದ್ದದ್ದು ಇದ್ದ ಹಾಗೇ ಬರುತ್ತೆ."
ಎದ್ದು ಬಂದು ಎದೆಗೇ ಒದ್ದಿತು.

ಸ್ವಲ್ಪ ಹೊತ್ತಿನ ಮೇಲೆ, ಮೇಜಿನಡಿಯಿಂದ:
"ಹಳೇ ತಂತಿ ಬಿಸಾಕಿಲ್ಲ.
ನೊಣ ಬೇಕಿದ್ದರೆ ಹೇಳು."

ಬೇಡ ಅಂದೆ.
ಎರಡನೆಯದನ್ನೇ ಇನ್ನೊಮ್ಮೆ ಹಾಕು,
ಗುರುವಾರ ಅಭ್ಯಾಸವಿದೆ.