ಇಪ್ಪತ್ತು ಜಿಬಿ

ತ್ಬಿಲಿಸಿಯ ಅಂಚು, ಏಳನೇ ಮಹಡಿ.
ಲಿಫ್ಟಿಗೂ ಚಿಲ್ಲರೆ ಹಾಕಬೇಕು ಇಲ್ಲಿ,
ಹಾಕದಿದ್ದರೆ ಮೆಟ್ಟಿಲು, ಮಂಡಿನೋವು.

ಅಂಗಡಿಯ ಹುಡುಗ ಎರಡು ಚೀಟಿ ಸರಿಸಿದ:
‘ಇದು ಮುಗಿಯದ ಡೇಟಾ, ನತೇಲಾ ಅಮ್ಮ,
ಆದರೆ ನಿಮ್ಮ ಫೋನಿಗೆ ಮಾತ್ರ.
ಅದು ತಿಂಗಳಿಗೆ ಇಪ್ಪತ್ತೇ ಜಿಬಿ,
ಹಾಟ್‌ಸ್ಪಾಟ್ ಹಚ್ಚಿ ಯಾರಿಗಾದರೂ ಕೊಡಿ.’

ಮುಗಿಯದ್ದು!
ಅಂಥದ್ದು ನನಗೆ ಸಿಕ್ಕಿದ್ದಾದರೂ ಯಾವಾಗ?
ತೊಂಬತ್ತೆರಡರ ಚಳಿಗೆ ಬ್ರೆಡ್ಡಿನ ಸಾಲಲ್ಲಿ ನಿಂತವಳು,
ಸೀಮೆಎಣ್ಣೆಯನ್ನು ಲೋಟದಲ್ಲಿ ಅಳೆದವಳು.
ಬೆರಳು ಆ ಚೀಟಿಯ ಮೇಲೇ ಇತ್ತು, ಸುಳ್ಳೇಕೆ.

ಪಕ್ಕದ ಮನೆಯ ಜುಂಬೆರ್
ಸಂಜೆಯಾದರೆ ಹಳೆ ಲ್ಯಾಪ್‌ಟಾಪ್ ಹೊತ್ತು
ನನ್ನ ಬಾಲ್ಕನಿಯ ಗೋಡೆಗೆ ಅಂಟಿ ಕೂರುತ್ತಾನೆ.
ಜರ್ಮನ್ ಪರೀಕ್ಷೆಯಂತೆ.
ಬಾಯಿಬಿಟ್ಟು ಕೇಳುವುದಿಲ್ಲ. ಕೆಮ್ಮುತ್ತಾನೆ, ಅಷ್ಟೆ.

ಬೆರಳು ಸರಿಯಿತು.

ಇವತ್ತು ತಾರೀಕು ಇಪ್ಪತ್ಮೂರು. ಡೇಟಾ ಖಾಲಿ.
ಜರ್ಮನ್ ಎಲ್ಲಿ ಬಂತು, ಫುಟ್‌ಬಾಲ್ ನೋಡಿದ್ದಾನೆ ಕತ್ತೆ!
ಗೋಡೆ ಗುದ್ದಿ ಬೈದೆ.
ಆ ಕಡೆ ಸದ್ದಿಲ್ಲ.

ಆಮೇಲೆ ಬಾಗಿಲು ತೆರೆದರೆ
ಹೊಸ್ತಿಲ ಮೇಲೆ ತಟ್ಟೆ, ಅವನ ತಾಯಿ ಮಾಡಿದ ಖಾಚಪುರಿ.
ಅಂಚಿನಲ್ಲಿ, ನನ್ನ ಲಿಫ್ಟಿಗೆಂದು,
ಐದು ನಾಣ್ಯ,
ಅಂಗೈಯ ಬಿಸಿ ಇನ್ನೂ ಆರಿರಲಿಲ್ಲ.