ಹುಲಿಗೆಪ್ಪನ ಬೋಟಿನ ಬಾಯಿ

ಬೀಳಗಿ ಬಸ್‌ಸ್ಟ್ಯಾಂಡಿನ ಹಿಂದ ನನ್ನ ವೆಲ್ಡಿಂಗ್ ಶೆಡ್ಡು.
ಹೆಗಲ ಮ್ಯಾಲಿನ ಸೈಲೆನ್ಸರ್ ಧೊಪ್ಪಂತ ಇಳಿಸಿ
ಹುಲಿಗೆಪ್ಪ ಅಂಬಿಗೇರ ಒದರಿದ:
"ರಾಜೇಸಾಬ, ಇದರ ಬಾಯಿ ಮುಚ್ಚಪಾ!
ಮನಿಗೆ ಹೋದರೂ ಬೆನ್ನ ಬಿಡವಲ್ಲದು,
ರಾತ್ರೆಲ್ಲಾ ಡಬ್‌ಡಬ್ ಅಂತೈತಿ."
ನಾವಿಬ್ಬರು ನಿಂತದ್ದು ಒಂದ ಮಾರು ದೂರ.

ಹೊಲಕ್ಕ ನೀರೆತ್ತತಿದ್ದ ಡೀಸೆಲ್ ಇಂಜಿನ್ನದು.
ಹೊಲಾನ ಹಿನ್ನೀರಿಗೆ ಹೋದ ಮ್ಯಾಲ
ಅದೇ ಹೊಲದ ಮ್ಯಾಲ ಬೋಟು ನಡಸತೈತಿ.
ಕುಂತವರ ಹಲ್ಲು ನಡಗತಿದ್ದು,
ಹತ್ತಿದ ಆಡು ಇಳಿಯೂತನಕ ಹಿಕ್ಕಿ ಹಾಕತಿದ್ದು,
ಸಾಲಿ ಹುಡುಗೂರು ಕೈಸನ್ನಿ ಕಲತು
ಮಗ್ಗಿ ಸುದ್ದಾ ಬೆರಳಿನಾಗ ಒಪ್ಪಸತಿದ್ದರು.

ಮೊದಲ ಹಾಲಿನ ಪುಡಿ ಡಬ್ಬಿ ಬಿಗದೆ.
ಇಂಜಿನ್ ಸಪ್ಪಳದ ಜೋಡಿ ಡಬ್ಬಿ ಸಪ್ಪಳಾನೂ ಆತು.
ಆಮ್ಯಾಲ ತುದಿ ಬಗ್ಗಿಸಿ ನೀರಿಗೆ ಮುಟ್ಟಿಸಿದೆ.
ಗುಳುಗುಳು ಅಂತ ಛಲೋ ಇತ್ತು,
ನಡುನೀರಿನಾಗ ಆರಿತು ನೋಡ್ರಿ.
ಪೈಪು ಹೊಟ್ಟಿ ತುಂಬ ಹೊಳಿ ಕುಡದಿತ್ತು.
ಎರಡು ತಾಸು ಹುಟ್ಟು ಹಾಕಿದ ಹುಲಿಗೆಪ್ಪ
ನನ್ನ ಹಿರಿಯರನ್ನೆಲ್ಲಾ ಹೆಸರ ಹಿಡದು ಕರದ.

ಮೂರನೇದು ನಿಂತತು.
ಒಳಗೊಂದು ಸಣ್ಣ ಕೊಳವಿ, ಮೈತುಂಬ ತೂತು,
ನಲವತ್ತಾರು, ಎಣಿಸಿ ಕೊರದೇನಿ,
ಸುತ್ತೂ ಪಾತ್ರಿ ತಿಕ್ಕೂ ಸ್ಟೀಲಿನ ಜುಂಗು,
ಮ್ಯಾಲ ದಪ್ಪ ತಗಡಿನ ಅಂಗಿ,
ತುದಿ ಕೆಳಮುಖ, ನೀರಿಗಿಂತ ಗೇಣು ಮ್ಯಾಲ.
ಹೊಗಿ ತೂತು ತೂತು ಹಾದು
ಸಿಟ್ಟು ಕಳಕೊಂಡು ಹೊರಗ ಬಂತು,
ಊಟ ಮುಗಿಸಿದ ಬೀಗನಂಗ.

ಅವತ್ತ ಬೋಟಿನ ಪಕ್ಕಿಗೆ ನೀರು ಬಡಿಯೂದು ಕೇಳಿತು.
ಯಾರದೋ ಬಳಿ ಸಪ್ಪಳ. ಆಡು ಮೆಲಕು ಹಾಕೂದು.
ಹುಡುಗೂರು ಮಾತ್ರ ಬಾಯಿ ತಗೀಲಿಲ್ಲ,
ಬೆರಳಿನಾಗ ನಕ್ಕೋತ ಕುಂತಿದ್ದರು.
ನಾನು ಹುಲಿಗೆಪ್ಪನ ಕಡೆ ತಿರುಗಿ
"ಹೆಂಗೈತಿ?" ಅಂದೆ, ಮೆಲ್ಲಕ.
ಅಂವ ನನ್ನ ತುಟಿ ನೋಡಿದ.
"ಏನ್ ಮಾಡಿದ್ಯೋ? ಹಂಗ ಐತಲ್ಲ!" ಅಂತ ಒದರಿದ,
"ಡಬ್‌ಡಬ್ ಹಂಗ ಐತಿ!"

ಬೋಟಿನಾಗ ಎಲ್ಲಾರೂ ನೀರು ನೋಡಿದರು.
ನಾನು ಇಂಜಿನ್ ಬಂದ್ ಮಾಡಿದೆ.
ಹಲಗಿ ಮ್ಯಾಲ ಅಂಗೈ ಊರಿ
ಬಾಳ ಹೊತ್ತು ಕುಂತ. "ಇನ್ನೂ ಐತಿ," ಅಂದ,
ಈ ಸಲ ಒದರದ.

ಮರುದಿನ ಆಚಿ ದಂಡಿಯ ಕಾಶವ್ವಗ ಬೋಟು ತಪ್ಪಿತು.
ಸಪ್ಪಳ ಕೇಳಿದ ಮ್ಯಾಲನ
ಮೊಸರ ಗಡಗಿ ತಲಿಗೇರಸಾಕಿ ಆಕಿ.
ಬಿಸಲಾಗ ಮೊಸರು ಹುಳಿ ಆತು,
ಬೈಗಳ ನನಗೂ ಅರ್ಧ ಬಂದು.

ಅದಕ್ಕ ತುದಿಗೆ ಕಿವಿನಟ್ಟು ಹಚ್ಚಿ ಕೊಟ್ಟೇನಿ,
ಬಟ್ಟಿ ಸುತ್ತಿ ಕೈಲೇ ತಗೀಬಹುದು.
ದಂಡಿ ಹತ್ರಾದಾಗ ಬಿಚ್ಚತಾನ:
ಡಬ್, ಡಬ್, ಡಬ್.
ಅಂವಗ ಕೇಳೂದಿಲ್ಲ.
ದೂರ ಜಾಲಿ ನೆಳ್ಳಾಗ ಕಾಶವ್ವ ಎದ್ದು
ಸಿಂಬಿ ಸರಿ ಮಾಡಿಕೊಳ್ಳೂದು ಕಂಡಿತಂದ್ರ
ಸಪ್ಪಳ ಆಗೇತಿ ಅಂತ ತಿಳಕೊಂಡು
ನಟ್ಟು ಮತ್ತ ತಿರುವತಾನ.